ಬಸವನ ಮುಖ ತೊಳೆದ ಭಾನುವಾರ

ಯಗಚಿ ಹಿನ್ನೀರಿನ ನಟ್ಟನಡುವೆ ಬೋಟಿನ ಎಂಜಿನ್ನು ಕಿವಿ ಗಡಚಿಕ್ಕುವಂತೆ ಕೂಗಿತು. ಬೋಟು ಮಾತ್ರ ಇದ್ದಲ್ಲಿಂದ ಕದಲಲಿಲ್ಲ. ಕೆಂಚಯ್ಯನವರು ಆಕ್ಸಿಲರೇಟರಿನ ಹಿಡಿಯನ್ನು ಇನ್ನಷ್ಟು ತಿರುಗಿಸಿದರು. ಕೂಗು ಏರಿತು. ಬೋಟಿನ ಮೂತಿ ಒಂದಿಷ್ಟು ಎದ್ದಂತೆ ಮಾಡಿ ಮತ್ತೆ ಕುಸಿಯಿತು. ಹಿಂದೆ ಎಂದಿನಂತೆ ಬಿಳಿಯ ನೊರೆಯ ಜಾಡು ಬೀಳಲಿಲ್ಲ.

"ಏನ್ ಕೆಂಚಯ್ಯಣ್ಣ, ನಿನ್ನ ಬಸವ ಬಾಯಿ ಮಾತ್ರ ಮಾಡ್ತಾನೆ, ಹೆಜ್ಜೆ ಇಡಾಕಿಲ್ವಾ?" ಎಂದು ನಡುಹಲಗೆಯ ಮೇಲೆ ಕುಳಿತಿದ್ದ ಬಸಮ್ಮ ಕೂಗಿ ಕೇಳಿದರು.

ಬಸವ ಎಂಬುದು ಬೋಟಿನ ಹೆಸರು. ಬಸಮ್ಮ ಮತ್ತು ಅವರ ಜೊತೆಗಾರ್ತಿಯರು ಆಚೆ ದಡದ ಊರಿನವರು, ಬೇಲೂರಿಗೆ ಗಾರೆ ಕೆಲಸಕ್ಕೆ ಬರುವವರು. ರಸ್ತೆಯಲ್ಲಿ ಬಂದರೆ ಹಿನ್ನೀರನ್ನೆಲ್ಲ ಸುತ್ತಿ ಬರಬೇಕು. ಬಸ್ಸು ಬಂದ ದಿನ ಬಂತು, ಇಲ್ಲದ ದಿನ ಇಲ್ಲ. ಬೋಟಿನಲ್ಲಾದರೆ ಎಲೆ ಅಡಿಕೆ ಹಾಕಿ ಉಗಿಯುವಷ್ಟರಲ್ಲಿ ಈಚೆ ದಡ. ಮುಂದಿನ ಮೂಲೆಯಲ್ಲಿ, ತಲೆಗೆ ಟವೆಲು ಸುತ್ತಿಕೊಂಡು ಬೋಟಿನ ಯಜಮಾನರಾದ ಷಡಕ್ಷರಪ್ಪನವರು ಕುಳಿತಿದ್ದರು. ಎಂಬತ್ತು ದಾಟಿದ ಆ ಹಿರಿಯರಿಗೆ ಬೆಳಿಗ್ಗೆ ಒಂದು ಸಲ ನೀರಿನ ಮೇಲೆ ಹೋಗಿಬರದಿದ್ದರೆ ತಿಂಡಿ ರುಚಿಸುತ್ತಿರಲಿಲ್ಲ.

ಆ ಶುಕ್ರವಾರ ಗಾಳಿ ಜೋರಾಗಿತ್ತು. ನಿಂತ ಬೋಟನ್ನು ಅದು ಮೆಲ್ಲಗೆ ಅಡ್ಡಕ್ಕೆ ತಳ್ಳತೊಡಗಿತು. ಆ ಕಡೆ ನೀರಿನಲ್ಲಿ ಮುಳುಗಿದ ಹಳೆಯ ಮರಗಳ ಬೊಡ್ಡೆಗಳಿದ್ದುದು ಕೆಂಚಯ್ಯನವರಿಗೆ ಚೆನ್ನಾಗಿ ಗೊತ್ತಿತ್ತು. ಎಂಜಿನ್ನು ನಿಲ್ಲಿಸಿ, ಇದ್ದ ಒಂದೇ ಹುಟ್ಟನ್ನು ಕೈಗೆ ತೆಗೆದುಕೊಂಡರು. ಒಬ್ಬರ ಹುಟ್ಟಿಗೆ ಅಷ್ಟು ಜನರ ಭಾರ ಎಲ್ಲಿ ಬಗ್ಗೀತು?

"ಸುಮ್ಕೆ ಕೂತು ನೋಡ್ತೀರಲ್ರೇ! ಬಾಂಡ್ಲಿ ತಗೀರಿ!" ಎಂದರು ಬಸಮ್ಮ.

ಗಾರೆ ಹೊರುವ ಕಬ್ಬಿಣದ ಬಾಂಡ್ಲಿಗಳು ಒಂದೊಂದಾಗಿ ಕಾಲಡಿಯಿಂದ ಹೊರಬಂದವು. ಹೆಂಗಸರು ಎರಡೂ ಬದಿಗೆ ಬಾಗಿ, "ಹೋಯ್... ಹೋಯ್" ಎಂದು ನೀರನ್ನು ಹಿಂದಕ್ಕೆ ಎಳೆಯತೊಡಗಿದರು. ಯಜಮಾನರೂ ಸುಮ್ಮನಿರಲಾರದೆ ಒಂದು ಕೈಯನ್ನು ನೀರಿಗಿಳಿಸಿದರು.

"ನೀವು ಕೈ ತೆಗೀರಿ ಯಜಮಾನ್ರೇ, ಮೀನು ಕಚ್ಚೀತು" ಎಂದು ಯಾರೋ ನಕ್ಕರು.

ಹಾಗೆ ಬಸವ ದಡ ಸೇರಿದ. ದಡದಲ್ಲಿ ಯಜಮಾನರ ಮಗ ಶಶಿಧರ್ ನಿಂತಿದ್ದರು. ಅವರು ಅರಸೀಕೆರೆಯಲ್ಲಿ ಬ್ಯಾಂಕಿನ ಉದ್ಯೋಗಿ. ಬೇಲೂರಿನ ಮನೆಯಿಂದಲೇ ದಿನವೂ ಹೋಗಿಬರುವವರು. ತಂದೆಯನ್ನು ಮನೆಗೆ ಕರೆದೊಯ್ಯಲು ಬಂದವರು, ನಡುನೀರಿನಲ್ಲಿ ನಡೆದುದೆಲ್ಲವನ್ನೂ ಉಸಿರು ಹಿಡಿದು ನೋಡಿದ್ದರು. ಅವರು ಯಾರನ್ನೂ ಬಯ್ಯಲಿಲ್ಲ. ತಂದೆಯ ಒದ್ದೆ ಕೈಯನ್ನು ತಮ್ಮ ಕರವಸ್ತ್ರದಿಂದ ಒರೆಸಿದರು. ಆಮೇಲೆ ಕೆಂಚಯ್ಯನವರನ್ನು ಸ್ವಲ್ಪ ದೂರಕ್ಕೆ ಕರೆದರು.

"ಸೋಮವಾರ ಹಾಸನದಿಂದ ಒಬ್ರು ಬರ್ತಾರೆ, ಹಳೇ ಬೋಟು ಕೊಳ್ಳೋರು. ಅಷ್ಟರಲ್ಲಿ ರಿಪೇರಿ ಆದ್ರೆ ಸರಿ. ಇಲ್ಲಾಂದ್ರೆ ಕೊಟ್ಟುಬಿಡೋಣ. ಇನ್ನೊಂದ್ಸಲ ಹಿಂಗೆ ದಡದಲ್ಲಿ ನಿಂತು ನೋಡೋ ಶಕ್ತಿ ನನಗಿಲ್ಲ ಕೆಂಚಯ್ಯಣ್ಣ."

ಕೆಂಚಯ್ಯನವರು ತಲೆಯಾಡಿಸಿದರು. ಆ ಮಾತಿನಲ್ಲಿ ತಪ್ಪು ಹುಡುಕಲು ಅವರಿಗಾಗಲಿಲ್ಲ. ಆದರೆ ಬಸವ ಹೋದರೆ ತಮಗೆ ಈ ವಯಸ್ಸಿನಲ್ಲಿ ಉಳಿಯುವುದೇನೆಂಬುದೂ ಅವರಿಗೆ ಹೊಳೆಯಲಿಲ್ಲ.

ಕೆಂಚಯ್ಯನವರು ಹುಟ್ಟಿದ್ದು ಹುಲಿಕೆರೆಯಲ್ಲಿ. ಚಿಕ್ಕಂದಿನಲ್ಲಿ ಅಲ್ಲಿಯ ಕಲ್ಯಾಣಿಯ ಮೇಲಿನ ಮೆಟ್ಟಿಲಿನಲ್ಲಿ ಕುಳಿತು, ಕೆಳಗಿನ ಹಸಿರು ನೀರನ್ನು ಗಂಟೆಗಟ್ಟಲೆ ನೋಡುತ್ತಿದ್ದರು. ಕೆಳಗಿಳಿದರೆ ತಾಯಿ ಬೆನ್ನಿಗೆ ಬಾರಿಸುತ್ತಿದ್ದಳು. ದೊಡ್ಡವರಾದ ಮೇಲೆ ನೀರೆತ್ತುವ ಪಂಪ್‌ಸೆಟ್ಟುಗಳ ರಿಪೇರಿ ಕಲಿತರು. ಜಾವಗಲ್ ಸುತ್ತಿನ ತೆಂಗಿನ ತೋಟಗಳಲ್ಲಿ ಅವರ ಕೈ ತಾಗದ ಪಂಪು ಇರಲಿಲ್ಲ. "ಮೋಟ್ರು ಓಡ್ತೈತೆ, ನೀರು ಬರಾಕಿಲ್ಲ" ಎಂದು ಯಾರಾದರೂ ಸೈಕಲ್ಲಿನಲ್ಲಿ ಓಡಿಬಂದರೆ, ಊಟದ ತಟ್ಟೆಯಿಂದಲೇ ಎದ್ದು ಹೋಗುತ್ತಿದ್ದರು. ಕಾಲ ಸರಿಯಿತು. ತೆರೆದ ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದವು. ಪಂಪುಗಳು ಕಣ್ಣಿಗೆ ಕಾಣದಂತೆ ನೆಲದೊಳಗೆ ಇಳಿದವು. ಕೆಟ್ಟರೆ ಲಾರಿ ತಂದು ಎತ್ತುವವರು ಬೇರೆಯವರಾದರು. ಕೆಂಚಯ್ಯನವರ ಸ್ಪ್ಯಾನರುಗಳು ಗೋಣಿಚೀಲ ಸೇರಿದವು.

ಆಗ ಕರೆ ಕಳುಹಿಸಿದವರು ಷಡಕ್ಷರಪ್ಪನವರು. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿ, ಜಾವಗಲ್ ಬಳಿ ತೋಟ ಮಾಡಿ, ಜೀವಮಾನವೆಲ್ಲ ಒಣನೆಲದಲ್ಲಿ ನೀರಿಗಾಗಿ ಮುಗಿಲು ನೋಡಿದ್ದ ಮನುಷ್ಯ. ಮಗನೊಡನೆ ಬೇಲೂರಿಗೆ ಬಂದು ನೆಲೆಸಿ, ಯಗಚಿಯ ಹಿನ್ನೀರನ್ನು ಮೊದಲ ಸಲ ತುಂಬಿದಂತೆ ಕಂಡ ದಿನ ದಡದಲ್ಲೇ ಕುಳಿತುಬಿಟ್ಟರಂತೆ. ಸ್ವಲ್ಪ ದಿನಕ್ಕೆ ಮಂಗಳೂರಿನ ಕಡೆಯ ಮೀನುಗಾರರೊಬ್ಬರು ಮಾರುತ್ತಿದ್ದ ಹಳೆಯ ಬೋಟೊಂದನ್ನು ಲಾರಿಯಲ್ಲಿ ಹೇರಿಸಿ ತರಿಸಿದರು.

"ಯಜಮಾನ್ರೇ, ನಂಗೆ ಬೋಟು ಗೊತ್ತಿಲ್ಲ" ಎಂದಿದ್ದರು ಕೆಂಚಯ್ಯನವರು.

"ನಂಗೇನ್ ಗೊತ್ತೈತೇನ್ಲಾ? ನಿನ್ನ ಪಂಪು ಕೂತಲ್ಲೇ ಕೂತು ನೀರನ್ನ ಮೇಲಕ್ಕೆಸೀತಿತ್ತು. ಇದು ನೀರನ್ನ ಹಿಂದಕ್ಕೆಸ್ದು ತಾನು ಮುಂದಕ್ಕೋಗ್ತದೆ. ಅಷ್ಟೇ ಕಣಯ್ಯ ವೆತ್ಯಾಸ."

ಆ ಒಂದು ಮಾತಿನಿಂದ ಕೆಂಚಯ್ಯನವರು ಬೋಟನ್ನು ಕಲಿತರು. ಬೋಟಿನ ಹಿಂದೆ ನೀರೊಳಗೆ ತಿರುಗುವ ಪ್ರೊಪೆಲ್ಲರನ್ನು ಎಲ್ಲರೂ ಫ್ಯಾನು ಎನ್ನುತ್ತಿದ್ದರು. ಅವರ ಕಣ್ಣಿಗೆ ಅದು ಹೊರಗೆ ಬಂದ ಪಂಪಿನ ಚಕ್ರವೇ. ಗೋಣಿಚೀಲದ ಸ್ಪ್ಯಾನರುಗಳು ಮತ್ತೆ ಬಿಸಿಲು ಕಂಡವು. ಮಗಳು ಆಶಾರಾಣಿಯ ನರ್ಸಿಂಗ್ ಓದು ಆ ಬೋಟಿನ ದುಡಿಮೆಯಲ್ಲೇ ಮುಗಿದು, ಆಕೆ ಈಗ ಸರ್ಕಾರಿ ಕೆಲಸದಲ್ಲಿದ್ದಾಳೆ. ಕೆಂಚಯ್ಯನವರ ಮನೆಯ ಗೋಡೆಯಲ್ಲಿ ಬುದ್ಧನ ಪಟದ ಪಕ್ಕದಲ್ಲಿ ಬೋಟಿನ ಫೋಟೋ ಒಂದು ಇಂದಿಗೂ ಇದೆ.

ಯಜಮಾನರಿಗೆ ಬಸವ ಬರಿಯ ಯಂತ್ರವಾಗಿರಲಿಲ್ಲ. ಮೊದಲ ಆಯುಧಪೂಜೆಯ ದಿನ ಫ್ಯಾನಿನ ನಡುಮಧ್ಯಕ್ಕೆ, ಅಡ್ಡಲಾಗಿ, ಮೂರು ಬೆರಳಿನಲ್ಲಿ ವಿಭೂತಿ ಎಳೆದರು. ಒಂದು ಸುತ್ತು ಹೋಗಿಬರುವಷ್ಟರಲ್ಲಿ ಅದು ತೊಳೆದುಹೋಗಿತ್ತು. ಅವರಿಗೆ ಸಂಕಟವಾಯಿತು.

"ಬೋಳುಹಣೇಲಿ ತಿರುಗ್ತಾವ್ನಲ್ಲಯ್ಯ! ಬಣ್ಣದಲ್ಲಿ ಬರೆಯೋಕಾಗಾಕಿಲ್ವಾ?"

ಕೆಂಚಯ್ಯನವರು ಬಿಳಿ ಪೇಂಟು ತಂದರು. ಯಜಮಾನರ ಕೈ ನಡುಗುತ್ತಿತ್ತು. ಕುಂಚವನ್ನು ಕೆಂಚಯ್ಯನವರ ಕೈಗೇ ಕೊಟ್ಟು, "ನೀನೇ ಎಳಿ. ನಿನ್ನ ಗೆರೆ ನನ್ನದಕ್ಕಿಂತ ನೇರ" ಎಂದರು. ಕೆಂಚಯ್ಯನವರು ಒಂದು ಗಳಿಗೆ ಅವರ ಮುಖ ನೋಡಿದರು. ತಮ್ಮ ತಂದೆಯ ಕಾಲದಲ್ಲಿ ಇಂಥ ಕೆಲಸಕ್ಕೆ ಯಾರೂ ಅವರ ಮನೆಯವರ ಕೈ ಕೇಳುತ್ತಿರಲಿಲ್ಲ. ಉಸಿರು ಬಿಗಿಹಿಡಿದು ಮೂರು ಗೆರೆ ಎಳೆದರು: ಎಡಗಡೆಯ ರೆಕ್ಕೆಯ ಬುಡದಿಂದ ಹೊರಟು, ನಡುವಿನ ಹಿತ್ತಾಳೆಯ ಕೊಳವೆಯ ತುದಿಯನ್ನು ದಾಟಿ, ಬಲಗಡೆಯ ರೆಕ್ಕೆಯ ಬುಡದವರೆಗೆ. ಮುಗಿದ ಮೇಲೆ ಯಜಮಾನರು ಹೇಳಿದರು, "ನಿಮ್ಮ ಬುದ್ಧಂಗೂ ಏನಾದ್ರೂ ಹಾಕು. ಅವ್ನೂ ಬರ್ಲಿ ನಮ್ ಜೊತೆ." ಕೆಂಚಯ್ಯನವರು ಬೋಟಿನ ಮೂತಿಯ ಮೇಲೆ ಒಂದು ಸಣ್ಣ ನೀಲಿ ಚಕ್ರ ಬರೆದರು.

ಇನ್ನು ಎಣ್ಣೆಯ ವಿಷಯ. ತೆಂಗು ಬೆಳೆದವರ ಮನೆಯಲ್ಲಿ ಕೊಬ್ಬರಿ ಎಣ್ಣೆಗೆ ಗುಣವಾಗದ ಕಾಯಿಲೆಯಿಲ್ಲ. ಮೊಣಕಾಲು ಹಿಡಿದರೂ ಅದೇ, ಬಾಗಿಲು ಕಿರುಗುಟ್ಟಿದರೂ ಅದೇ. ಬಸವನಿಗೆ ಪ್ರತಿ ಸೋಮವಾರ ಎಣ್ಣೆ ತಪ್ಪದಂತೆ ಯಜಮಾನರು ನೋಡಿಕೊಂಡರು. ಬೋಟನ್ನು ದಡಕ್ಕೆ ತಾಗಿಸಿ, ಎಂಜಿನ್ನನ್ನು ಬಗ್ಗಿಸಿ ಫ್ಯಾನನ್ನು ಮೇಲೆತ್ತಿ, ನಡುವಿನ ಸಂದಿಗೆ ಒಂದು ಬಟ್ಟಲು ಎಣ್ಣೆ ಸುರಿದು, "ಒಳಕ್ಕಿಳೀಲಿ, ಒಳಕ್ಕಿಳೀಲಿ" ಎಂದು ಸವರುತ್ತಿದ್ದರು. ದೀಪಾವಳಿಯಲ್ಲಂತೂ ಪೂರ್ತಿ ಅಭ್ಯಂಜನ. ಎಣ್ಣೆ ಹಚ್ಚಿದ ಯಂತ್ರ ಕೆಡುವುದುಂಟೇ ಎಂದು ಕೆಂಚಯ್ಯನವರೂ ಸುಮ್ಮನಿದ್ದರು. ಹಾಗೆ ವರ್ಷಗಳು ಕಳೆದಿದ್ದವು.

ಶನಿವಾರ ಬೆಳಕು ಹರಿಯುತ್ತಲೇ ಕೆಂಚಯ್ಯನವರು ಬೋಟಿನ ಬಳಿ ಇದ್ದರು. ಮೊದಲು ಫ್ಯಾನಿಗೆ ಕಳೆಯೋ ಬಲೆಯ ದಾರವೋ ಸುತ್ತಿದೆಯೇ ಎಂದು ನೋಡಿದರು, ಏನೂ ಇರಲಿಲ್ಲ. ರೆಕ್ಕೆಗಳು ಮುರಿದಿರಲಿಲ್ಲ, ಬಾಗಿರಲಿಲ್ಲ. ಪೆಟ್ರೋಲು ಸೋಸಿದರು, ಪ್ಲಗ್ಗು ಬಿಚ್ಚಿ ಉಜ್ಜಿದರು. ಎಂಜಿನ್ನು ಮೊದಲ ಎಳೆತಕ್ಕೇ ಎದ್ದು ಕೂಗಿತು. ಅದರಲ್ಲಿ ದೋಷವಿಲ್ಲವೆಂದು ತೀರ್ಮಾನವಾಯಿತು. ಹಾಗಾದರೆ ಗೇರು ಬೀಳುತ್ತಿಲ್ಲವೇ? ಗೇರಿನ ಕೇಬಲ್ಲು ಸರಿಯಾಗಿಯೇ ಎಳೆಯುತ್ತಿತ್ತು. ಗೇರಿನ ಎಣ್ಣೆಯನ್ನು ಅಂಗೈಗೆ ಬಸಿದು ಬಿಸಿಲಿಗೆ ಹಿಡಿದರು. ಹಲ್ಲು ಸವೆದಿದ್ದರೆ ಅದರಲ್ಲಿ ಕಬ್ಬಿಣದ ಪುಡಿ ಮಿನುಗಬೇಕು, ಮಿನುಗಲಿಲ್ಲ. ಎಂಜಿನ್ನು ನಿಲ್ಲಿಸಿ, ಗೇರು ಹಾಕಿ, ಫ್ಯಾನನ್ನು ಕೈಯಿಂದ ತಿರುಗಿಸಲು ನೋಡಿದರು. ಬಿಗಿಯಾಗಿ ಹಿಡಿದುಕೊಂಡಿತ್ತು. ಎಂದರೆ ಗೇರೂ ಸರಿಯಾಗಿಯೇ ಬೀಳುತ್ತಿತ್ತು.

ನೀರಿಗಿಳಿಸಿ ನೋಡಿದರು. ಮೆಲ್ಲಗೆ ಬಿಟ್ಟರೆ ಬಸವ ಸಾಧುವಾಗಿ ಹೊರಟ. ಹಿಡಿಯನ್ನು ತಿರುಗಿಸಿದೊಡನೆ ಮತ್ತೆ ಅದೇ ಕೂಗು, ಅದೇ ನಿಲುವು. ಜಾವಗಲ್ಲಿನ ದಿನಗಳು ಅವರಿಗೆ ನೆನಪಾದವು. ಮೋಟರು ಓಡುತ್ತದೆ, ನೀರು ಬರುವುದಿಲ್ಲ. ಅಲ್ಲಿಯಾದರೆ ಎಲ್ಲಿ ನೋಡಬೇಕೆಂದು ಕೈಗೇ ಗೊತ್ತಿರುತ್ತಿತ್ತು. ಇಲ್ಲಿ ನೋಡಬೇಕಾದುದನ್ನೆಲ್ಲ ನೋಡಿಯಾಗಿತ್ತು. ಮಧ್ಯಾಹ್ನ ಹೆಂಡತಿ ಮಾರಮ್ಮ ಬುತ್ತಿ ತಂದಾಗ ಮುದ್ದೆಯನ್ನು ಅರ್ಧಕ್ಕೇ ಬಿಟ್ಟರು.

"ನಿಮ್ಗೆ ಹುಷಾರಿಲ್ವೋ, ಬಸವಂಗೋ?" ಎಂದು ಕೇಳಿದ ಹೆಂಡತಿಗೆ, "ಇಬ್ರಿಗೂ" ಎಂದರು.

ಭಾನುವಾರ ಬೆಳಿಗ್ಗೆ ಯಜಮಾನರು ಮಗನ ತೋಳು ಹಿಡಿದು ದಡಕ್ಕೆ ಬಂದರು. ಕೆಂಚಯ್ಯನವರ ಮುಖ ನೋಡಿಯೇ ಅವರಿಗೆ ವಿಷಯ ತಿಳಿಯಿತು. ಬೋಟಿನ ಅಂಚನ್ನು ಒಂದು ಸಲ ಸವರಿ ಹೇಳಿದರು:

"ಹೋಗ್ಲಿ ಬಿಡು. ನಾಳೆ ಪರರ ಕೈಗೆ ಹೋಗೋನು. ಮಾರಿದ ಎತ್ತನ್ನೂ ನಮ್ಮನೇಲಿ ಹಂಗೇ ಹಗ್ಗ ಬಿಚ್ಚಿ ಕೊಟ್ಟಿದ್ದಿಲ್ಲ. ಮೈ ತೊಳ್ದು, ಎಣ್ಣೆ ಹಚ್ಚಿ, ಹಣೆಗಿಟ್ಟು ಕಳಿಸ್ತಿದ್ವಿ. ಇವ್ನಿಗೂ ಮುಖ ತೊಳಿ ಕೆಂಚಯ್ಯ."

ದಡಕ್ಕೆ ಬಂದಿದ್ದ ಮಾರಮ್ಮನನ್ನು ಎಣ್ಣೆ ತರಲು ಕಳುಹಿಸಿದರು. ಕೆಂಚಯ್ಯನವರು ಒಂದು ಹಿಡಿ ತೆಂಗಿನ ನಾರು ತೆಗೆದುಕೊಂಡು ಫ್ಯಾನಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ಮಳೆಗಾಲದ ಕೆಸರು, ಪಾಚಿ, ಎಣ್ಣೆಯ ಜಿಡ್ಡು ಎಲ್ಲ ಸೇರಿ ಅದರ ನಡುಭಾಗ ಕಪ್ಪುಹಸಿರಾಗಿತ್ತು. ಉಜ್ಜುತ್ತ ಹೋದಂತೆ ಬಿಳಿಯ ಗೆರೆಗಳು ಅಲ್ಲಲ್ಲಿ ಕಾಣಿಸಿದವು. ಅವರ ಕಣ್ಣು ಮಂಜಾಗಿತ್ತು. ಏನನ್ನೂ ಸರಿಯಾಗಿ ನೋಡಲಿಲ್ಲ.

"ಏನ್ಲಾ ಇದು!" ಎಂದು ಯಜಮಾನರು ಗದರಿದರು. "ವಿಭೂತೀನ ಯಾರ್ಲಾ ಮುರ್ದೋರು?"

"ಯಾರು ಮುರೀತಾರೆ ಯಜಮಾನ್ರೇ..."

"ಕಣ್ ಬಿಟ್ಟು ನೋಡು! ನೀನೇ ನೇರಕ್ಕೆ ಎಳೆದಿದ್ದೆ. ಈಗ ನೋಡು, ಎಡಗಡೇದು ಬಲಗಡೇದು ಮಲಗೈತೆ, ನಡುವಿನದು ಎದ್ದು ನಿಂತೈತೆ. ನೆಂಟಸ್ತನ ಕಡಿದೋರಂಗೆ!"

ಕೆಂಚಯ್ಯನವರು ತೋಳಿನಿಂದ ಕಣ್ಣೊರೆಸಿಕೊಂಡು ನೋಡಿದರು. ರೆಕ್ಕೆಗಳ ಬುಡದಲ್ಲಿ ಗೆರೆಗಳು ಅಡ್ಡಲಾಗಿಯೇ ಇದ್ದವು. ನಡುವಿನ ಹಿತ್ತಾಳೆಯ ಕೊಳವೆಯ ಮೇಲಿನ ತುಣುಕುಗಳು ಮಾತ್ರ ಮೇಲಕ್ಕೆ ತಿರುಗಿಕೊಂಡು, ಅಕ್ಕಪಕ್ಕದ ಗೆರೆಗಳಿಗೆ ಮುಖ ತಿರುವಿದ್ದವು. ಅವರ ಕೈಯಿಂದ ನಾರು ಜಾರಿತು.

ಒಳಗಿನ ಕೊಳವೆ ತಿರುಗಿದೆ, ಹೊರಗಿನ ಫ್ಯಾನು ತಿರುಗಿಲ್ಲ! ಎರಡನ್ನೂ ಹಿಡಿದಿಡುವುದು ನಡುವೆ ಬಿಗಿದ ರಬ್ಬರಿನ ಬಳೆ, ಬುಷ್. ಮೆಲ್ಲಗೆ ಹೋದರೆ ಅದು ಹಿಡಿಯುತ್ತದೆ. ಕೈಯಿಂದ ತಿರುಗಿಸಿದರೂ ಹಿಡಿಯುತ್ತದೆ. ನೀರಿನ ಭಾರ ಬಿದ್ದೊಡನೆ ಜಾರುತ್ತದೆ. ಎಂಜಿನ್ನಿನ ಶಕ್ತಿಯೆಲ್ಲ ಒಳಗೇ ಸುತ್ತಿ, ಫ್ಯಾನಿಗೆ ಮುಟ್ಟುವುದೇ ಇಲ್ಲ.

"ಯಜಮಾನ್ರೇ!" ಎಂದು ಎದ್ದು, ಅವರ ಎರಡೂ ಕೈ ಹಿಡಿದುಕೊಂಡರು. "ಸಿಕ್ತು ಯಜಮಾನ್ರೇ. ನಿಮ್ಮ ವಿಭೂತಿ ಹೇಳ್ತು."

ನಟ್ಟು ಬಿಚ್ಚಿ ಫ್ಯಾನನ್ನು ಹೊರಗೆಳೆದರು. ಕೊಳವೆಯ ಸುತ್ತಲಿನ ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿದರೆ, ಮಳೆಗೆ ಸಿಕ್ಕಿದ ಬೆಲ್ಲದಂತೆ ಮೆತ್ತಗಾಗಿ ಬೆರಳಿಗೆ ಅಂಟಿತು.

"ಅಲ್ಲ, ಇದು ಇಷ್ಟು ಕೆಡೋಕೆ ಏನ್ ಕಾರಣ?" ಎಂದು ಶಶಿಧರ್ ಬಾಗಿ ನೋಡಿದರು.

ಅಷ್ಟರಲ್ಲಿ ಮಾರಮ್ಮ ಎಣ್ಣೆಯ ಗಿಂಡಿ ಹಿಡಿದು ಬಂದರು. ರಬ್ಬರನ್ನು ಮುಟ್ಟಿ, ಮೂಸಿ, ಕೊಬ್ಬರಿ ವಾಸನೆ ಬಂದೊಡನೆ ನಕ್ಕುಬಿಟ್ಟರು.

"ಕುಕ್ಕರಿನ ಗ್ಯಾಸ್ಕೆಟ್ಟಿಗೆ ದಿನಾ ಎಣ್ಣೆ ಹತ್ತಿದ್ರೆ ಇನ್ನೇನಾಗ್ತೈತೆ? ಹಿಗ್ಗಿ, ಸಡಿಲ ಆಗಿ, ಬುಸುಗುಟ್ಟೋದೊಂದು ಬಿಟ್ಟು ಬೇಯ್ಸೋದು ನಿಲ್ಲಿಸ್ತೈತೆ. ನಮ್ಮನೇಲಿ ಎಷ್ಟು ಗ್ಯಾಸ್ಕೆಟ್ಟು ಹಂಗೇ ಹೋಗವೆ! ರಬ್ಬರಿಗೆ ಯಾರಾದ್ರೂ ಎಣ್ಣೆ ಕುಡಿಸ್ತಾರಾ?"

ಎಲ್ಲರೂ ಯಜಮಾನರ ಕಡೆ ನೋಡಿದರು. ಯಜಮಾನರು ಗಿಂಡಿಯ ಕಡೆ ನೋಡಿದರು.

"ನಾನೇ ಏನಮ್ಮ?" ಎಂದರು ಮೆಲ್ಲಗೆ. "ಸೋಮವಾರ ಸೋಮವಾರ, ಒಳಕ್ಕಿಳೀಲಿ ಅಂತ..."

"ಇಳ್ದೈತೆ ಬಿಡಿ ಯಜಮಾನ್ರೇ, ಚೆನ್ನಾಗಿ ಇಳ್ದೈತೆ" ಎಂದರು ಮಾರಮ್ಮ. ಈ ಸಲ ಶಶಿಧರ್ ಅವರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಯಜಮಾನರಿಗೆ ಕೆಮ್ಮು ಬರುವಷ್ಟು ನಗು. ಎರಡು ದಿನಗಳಿಂದ ಆ ದಡದಲ್ಲಿ ಯಾರೂ ನಕ್ಕಿರಲಿಲ್ಲ.

ಹೊಸ ಬುಷ್ ಮಂಗಳೂರಿನಿಂದಲೇ ಬರಬೇಕು. ಆದರೆ ದೋಷ ಇದೇ ಎಂದು ನೀರಿನ ಮೇಲೆ ತೋರಿಸದೆ ಶಶಿಧರ್ ಅವರ ಭಯ ಹೋಗದೆಂದು ಕೆಂಚಯ್ಯನವರಿಗೆ ಗೊತ್ತಿತ್ತು. ಫ್ಯಾನನ್ನು ಟವೆಲಿನಲ್ಲಿ ಸುತ್ತಿಕೊಂಡು ಪೇಟೆಯ ಲೇತ್ ಅಂಗಡಿಗೆ ಹೋದರು. ಅಂಗಡಿಯ ಜಯದೇವಪ್ಪ ಭಾನುವಾರವಾದರೂ ಬಾಗಿಲು ತೆಗೆದ.

"ಹೊರಗಿಂದ ಒಳಗಿನ ಕೊಳವೆವರೆಗೂ ಕೊರ್ದು, ಹಿತ್ತಾಳೆ ಕಡ್ಡಿ ಹಾಕ್ಬಿಡು. ಕಬ್ಬಿಣ ಬೇಡ, ಕಲ್ಲಿಗೆ ಬಡಿದ್ರೆ ಕಡ್ಡೀನೇ ಮುರೀಲಿ, ಗೇರಿನ ಹಲ್ಲು ಉಳ್ಕೊಳ್ಳಿ."

"ಕೊರೆಯೋದು ಎಲ್ಲಿ ಅಂತ ಗುರ್ತು ಹಾಕ್ಕೊಡಣ್ಣ."

"ಮೊದ್ಲು ಗೆರೆ ಕೂಡಿಸ್ಕೊಳಪ್ಪ. ವಿಭೂತಿ ನೇರ ಆದ ಮೇಲೆ ಕೊರಿ. ಮತ್ತೆ ಜಾರಿದ್ರೆ ಅದೇ ಹೇಳ್ತೈತೆ."

ಮಧ್ಯಾಹ್ನದ ಹೊತ್ತಿಗೆ ಫ್ಯಾನು ಮತ್ತೆ ತನ್ನ ಜಾಗದಲ್ಲಿ ಕುಳಿತಿತು. ಮೂರು ಗೆರೆಗಳೂ ಈ ತುದಿಯಿಂದ ಆ ತುದಿಗೆ ನೇರವಾಗಿ ಕೂಡಿದ್ದವು. ಯಜಮಾನರು ಹತ್ತಲು ಕಾಲೆತ್ತಿದರು. "ಮೊದಲು ನಾನು ಹೋಗಿಬರ್ತೀನಿ, ಆಮೇಲೆ ನೀವು ಅಪ್ಪಾಜಿ" ಎಂದು ಶಶಿಧರ್ ಅವರನ್ನು ತಡೆದು, ತಾವು ಲೈಫ್ ಜಾಕೆಟ್ ತೊಟ್ಟು ಬೋಟಿಗಿಳಿದರು. ಅವರಿಗೆ ನೀರೆಂದರೆ ಭಯವೆಂಬುದು ಕೆಂಚಯ್ಯನವರಿಗೆ ತಿಳಿದಿತ್ತು. ಭಯವಿದ್ದೂ ಇಳಿದರಲ್ಲ ಎಂದು ಮನಸ್ಸಿನಲ್ಲೇ ಕೈ ಮುಗಿದರು.

ದಡ ಬಿಟ್ಟು, ಮೆಲ್ಲಗೆ ನಡುನೀರಿಗೆ ಬಂದರು. ಶುಕ್ರವಾರ ನಿಂತಿದ್ದ ಜಾಗ ಅದೇ. ಗಾಳಿ ಅಂದಿನಂತೆಯೇ ಬೀಸುತ್ತಿತ್ತು. ಶಶಿಧರ್ ಎರಡೂ ಕೈಯಿಂದ ಹಲಗೆಯನ್ನು ಹಿಡಿದು ಕುಳಿತರು.

"ತಿರುಗಿಸ್ಲಾ?"

"ಹೂಂ... ತಿರುಗಿಸಿ."

ಕೆಂಚಯ್ಯನವರು ಹಿಡಿಯನ್ನು ನಿಧಾನವಾಗಿ ತಿರುಗಿಸಿದರು. ಎಂಜಿನ್ನಿನ ದನಿ ಏರಲಿಲ್ಲ, ತುಂಬಿಕೊಂಡಿತು. ಭಾರ ಹೊತ್ತು ನಡೆಯುವ ಎತ್ತಿನ ಉಸಿರಿನಂಥ ದನಿ. ಮೂತಿಯ ಮೇಲಿನ ನೀಲಿ ಚಕ್ರ ಎದ್ದು, ಎದ್ದಲ್ಲೇ ನಿಂತಿತು. ಬೆನ್ನು ಹಿಂದಕ್ಕೆ ಒತ್ತಿದಂತಾಯಿತು. ಶಶಿಧರ್ ತಿರುಗಿ ನೋಡಿದರು. ಹಿಂದೆ ಬಿಳಿಯ ನೊರೆಯ ಜಾಡು ಉದ್ದಕ್ಕೂ ಬಿದ್ದಿತ್ತು. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಬಸಮ್ಮ ಎದ್ದು ನಿಂತು ಕೂಗಿದರು:

"ಕೆಂಚಯ್ಯಣ್ಣೋ! ನಾಳೆ ಬಾಂಡ್ಲಿ ತರಬೇಕೋ, ಬ್ಯಾಡ್ವೋ?"

"ಗಾರೆ ಹೊರಾಕೆ ತಗೊಂಬಾರವ್ವ! ಹುಟ್ಟು ಹಾಕಾಕೆ ಬ್ಯಾಡ!"

"ನಾಳೆ ಬೇಡ" ಎಂದರು ಶಶಿಧರ್ ಗಂಭೀರವಾಗಿ. "ಹೊಸ ಬುಷ್ ಬರೋವರೆಗೆ ಜನ ಹತ್ತೋದು ಬೇಡ. ಎರಡು ದಿನ ರಜಾ ಹಾಕಿ ಮಂಗಳೂರಿಗೆ ನಾನೇ ಹೋಗಿ ತರ್ತೀನಿ. ಇನ್ನೂ ಎರಡು ಹುಟ್ಟು, ಎಲ್ರಿಗೂ ಜಾಕೆಟ್ಟು. ಆಮೇಲೆ ನಿಮ್ಮ ಬಸವ, ನಿಮ್ಮ ನೀರು." ಅಲ್ಲೇ, ನೀರಿನ ಮೇಲಿಂದಲೇ, ಹಾಸನಕ್ಕೆ ಫೋನು ಮಾಡಿ, ಬೋಟು ಕೊಡುವುದಿಲ್ಲ, ನಾಳೆ ಬರುವ ತೊಂದರೆ ತೆಗೆದುಕೊಳ್ಳಬೇಡಿ ಎಂದು ಹೇಳಿಬಿಟ್ಟರು.

ಕೆಂಚಯ್ಯನವರು ಬೋಟನ್ನು ದಡದ ಕಡೆ ತಿರುಗಿಸಿದರು. ಯಾರಿಗೆಂದು ಕೃತಜ್ಞತೆ ಹೇಳುವುದು? ಬಾಂಡ್ಲಿ ಹಿಡಿದ ಹೆಂಗಸರಿಗೋ, ಗ್ಯಾಸ್ಕೆಟ್ಟಿನ ಗುಟ್ಟು ಬಲ್ಲ ಹೆಂಡತಿಗೋ, ರಜೆಯ ದಿನ ಬಾಗಿಲು ತೆಗೆದ ಜಯದೇವಪ್ಪನಿಗೋ, ಹೆದರುತ್ತಲೇ ಜೊತೆಗೆ ಬಂದ ಈ ಮನುಷ್ಯನಿಗೋ? ದಡದ ಕಲ್ಲಿನ ಮೇಲೆ, ಎಣ್ಣೆಯ ಗಿಂಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದ ಯಜಮಾನರು ದೂರದಿಂದಲೇ ಕಂಡರು. ಅಂದು ಅವರು ಕುಂಚವನ್ನು ತಮ್ಮ ಕೈಗೆ ಕೊಡದಿದ್ದರೆ ಇಂದು ನೋಡಲು ಗೆರೆಯೇ ಇರುತ್ತಿರಲಿಲ್ಲ.

ಬೋಟು ಕಟ್ಟಿ ಹತ್ತಿರ ಬಂದಾಗ ಯಜಮಾನರು ಹೇಳಿದರು, "ಮಾರಲ್ವಂತೆ. ಶಶಿಧರ ಈಗ ಹೇಳ್ದ." ದನಿ ಸಣ್ಣಗಾಗಿತ್ತು. ಗಿಂಡಿಯನ್ನು ನೋಡಿಕೊಂಡು, "ಶುಭಕ್ಕೆ ಅಂತ ತಂದ ಎಣ್ಣೆ. ಬಸವಂಗೆ ಇನ್ನು ಹಾಕೋ ಹಂಗಿಲ್ಲ. ಹಂಗೇ ಮನೆಗೆ ವಾಪಸ್ ಒಯ್ಯೋಕೆ ಮನಸ್ಸು ಬರ್ತಿಲ್ಲ. ಕೂತ್ಕೊಳ್ಳಯ್ಯ ಇಲ್ಲಿ."

"ನಾನಾ?"

"ಇನ್ಯಾರು? ಕೂತ್ಕೊ ಅಂದ್ನಲ್ಲ."

ಕೆಂಚಯ್ಯನವರು ಅವರ ಕಾಲ ಬಳಿಯ ಕಲ್ಲಿನ ಮೇಲೆ ಕುಳಿತರು. ಯಜಮಾನರು ನಡುಗುವ ಅಂಗೈಗೆ ಎಣ್ಣೆ ಬಗ್ಗಿಸಿಕೊಂಡು, ಅವರ ನರೆತ ನಡುನೆತ್ತಿಯ ಮೇಲಿಟ್ಟು, ಹಬ್ಬದ ದಿನ ಮನೆಯ ಮಕ್ಕಳಿಗೆ ತಟ್ಟುವಂತೆ ಮೆಲ್ಲಗೆ ತಟ್ಟಿದರು. ತಾಯಿ ಹೋದ ಮೇಲೆ ಆ ತಲೆಗೆ ಯಾರೂ ಎಣ್ಣೆಯಿಟ್ಟಿರಲಿಲ್ಲ. ಕೆಂಚಯ್ಯನವರು ನೀರಿನ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ಕುಳಿತರು.

"ಜೋಪಾನ ಯಜಮಾನ್ರೇ" ಎಂದರು ಹಿಂದಿನಿಂದ ಮಾರಮ್ಮ. "ಒಳಕ್ಕಿಳ್ದು ಇವ್ರ ತಲೇನೂ ಜಾರ್ಬಿಟ್ಟಾತು!"

ಯಜಮಾನರು ಕೈ ತೆಗೆಯಲಿಲ್ಲ. "ಇದು ಜಾರೋ ತಲೆ ಅಲ್ಲ ಕಣಮ್ಮ" ಎಂದು, ಇನ್ನೊಂದು ಸಲ ಎಣ್ಣೆ ಬಗ್ಗಿಸಿಕೊಂಡರು.